ಊರಿನ ದಾರಿ, ಟೈರಿನ ಹವಾ

ಪುಣೆಯ ಕನ್ನಡಿಗರಾದ ನಮಗೆ ಊರಿನ ದಾರಿಯೆಂದರೆ ಕಾತ್ರಜದ ಸುರಂಗದಾಚೆಯ ಹೆದ್ದಾರಿಯೇ. ಖಂಬಾಟಕಿ ಘಾಟು, ಸಾತಾರೆ, ಕರಾಡ, ಕೊಲ್ಹಾಪುರ, ನಿಪ್ಪಾಣಿ, ಕಡೆಗೆ ಬೆಳಗಾವಿ. ಸುಮಾರು 340 ಕಿಲೋಮೀಟರು. ಹಿಂದೆ ನಾಲ್ಕನೆಯ ನಂಬರಿನದಾಗಿದ್ದ ಈ ಹೆದ್ದಾರಿಗೆ ಈಗ 48ನೆಯ ನಂಬರು. ಮಕ್ಕಳ ಪರೀಕ್ಷೆ ಮುಗಿಯುವುದೂ ಬಿಸಿಲು ಏರುವುದೂ ಒಂದೇ ಕಾಲಕ್ಕೆ. ಹೀಗಾಗಿ ವರ್ಷದ ಬಹುಭಾಗ ಸೊಸೈಟಿಯ ಅಂಗಳದಲ್ಲಿ ನಿಂತೇ ಇರುವ ನಮ್ಮ ಕಾರುಗಳು ದೂರದ ಪ್ರಯಾಣಕ್ಕೆ ಹೊರಡುವುದು ಕಾದ ಡಾಂಬರಿನ ಮೇಲೆ.

ನಿಂತ ಕಾರಿನ ಟೈರು ಸವೆಯುವುದಿಲ್ಲ, ನಿಜ. ಆದರೆ ಅದಕ್ಕೂ ಮುಪ್ಪು ಬರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 3517 ಎಂದಿದ್ದರೆ ಅದು 2017ನೆಯ ಇಸವಿಯ 35ನೆಯ ವಾರದಲ್ಲಿ ತಯಾರಾದದ್ದು. ಅದೇ ಅದರ ಜಾತಕ! ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಪಕ್ಕದಲ್ಲಿ ಬಿರುಕು, ಉಬ್ಬು ಕಂಡರೆ ಹೊರಡುವ ಮೊದಲೇ ಬದಲಿಸಬೇಕು.

ಬೇಸಿಗೆಯಲ್ಲಿ ಹವಾ ಸ್ವಲ್ಪ ಕಡಿಮೆ ಇರಲಿ ಎನ್ನುವವರು ನಮ್ಮಲ್ಲಿ ಬಹಳ. ಈ ಮಾತನ್ನು ನಾವು ಒಪ್ಪುವುದಿಲ್ಲ. ಹವಾ ಕಡಿಮೆಯಿದ್ದರೆ ಚಕ್ರ ಉರುಳಿದ ಪ್ರತಿ ಸುತ್ತಿಗೂ ಟೈರಿನ ಪಕ್ಕ ಹೆಚ್ಚು ಬಾಗುತ್ತದೆ. ತಂತಿಯನ್ನು ಒಂದೇ ಕಡೆ ಹತ್ತು ಸಲ ಬಗ್ಗಿಸಿದರೆ ಬೆರಳಿಗೆ ಬಿಸಿ ತಗಲುವುದಿಲ್ಲವೆ? ಹಾಗೆಯೇ ಒಳಗೆ ಶಾಖ ಹುಟ್ಟಿ, ರಬ್ಬರಿನ ಬಿಗಿ ಸಡಿಲಿ, ಕಡೆಗೊಮ್ಮೆ ಢಂ ಎನ್ನುತ್ತದೆ. ವೇಗವೂ ಭಾರವೂ ಸೇರಿದರೆ ಕೇಳುವುದೇ ಬೇಡ.

ನಿಪ್ಪಾಣಿಯ ಬಳಿ ಪಂಕ್ಚರ್ ಅಂಗಡಿಯವರೊಬ್ಬರು ಮಾಪಕಕ್ಕಿಂತ ಮೊದಲು ಅಂಗೈಯನ್ನೇ ಟೈರಿಗಿಟ್ಟರು. “ಬಿಸಿ ಇದ್ದಾಗ ಹವಾ ತಗೀಬ್ಯಾಡ್ರಿ ಸರ. ಮುಂಜಾನೆ ಗಾಡಿ ತಣ್ಣಗಿದ್ದಾಗ ನೋಡಸ್ರಿ,” ಎಂದರು. ಓಡಿದ ಟೈರಿನಲ್ಲಿ ಒತ್ತಡ ಏರಿರುತ್ತದೆ. ಅದನ್ನು ಕಂಡು ಹವಾ ಬಿಟ್ಟರೆ, ತಣ್ಣಗಾದ ಮೇಲೆ ಕಡಿಮೆ ಬೀಳುತ್ತದೆ. ಎಷ್ಟಿರಬೇಕೆಂಬುದನ್ನು ಕಂಪನಿಯವರೇ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನ ಮೇಲೆ ಅಂಟಿಸಿರುತ್ತಾರೆ. ಹಲವು ಕಾರುಗಳಲ್ಲಿ ತುಂಬಿದ ಗಾಡಿಗೆ ಬೇರೆಯೇ ಅಂಕಿ ಉಂಟು.

ನಮಗೆ ಬೇಕಾದದ್ದು ಆ ಎರಡನೆಯ ಅಂಕಿಯೇ. ಹೋಗುವಾಗ ನಾಲ್ಕು ಚೀಲಗಳಿದ್ದರೆ, ಬರುವಾಗ ಜೋಳ, ಬ್ಯಾಡಗಿ ಮೆಣಸಿನಕಾಯಿ, ಉಪ್ಪಿನಕಾಯಿ ಭರಣಿ, ಮೇಲೆ ಬೆಳಗಾವಿಯ ಕುಂದಾ. “ಇದೊಂದು ಇರಲಿ ತಗೊಳ್ರಿ,” ಎನ್ನುವ ಅತ್ತೆಯವರಿಗೆ ಟೈರಿನ ಶಾಸ್ತ್ರ ಹೇಳುವ ಧೈರ್ಯ ಯಾರಿಗಿದೆ?

ಇಷ್ಟಾಗಿಯೂ ಟೈರು ಒಡೆದರೆ ಗಾಬರಿಯಿಂದ ಬ್ರೇಕು ಒತ್ತಬಾರದು. ಸ್ಟಿಯರಿಂಗನ್ನು ನೇರವಾಗಿ, ಭದ್ರವಾಗಿ ಹಿಡಿದು, ವೇಗ ತಾನಾಗಿ ಇಳಿಯಗೊಟ್ಟು, ಮೆಲ್ಲನೆ ಎಡಬದಿಗೆ ತರಬೇಕು. ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿದ ಮೇಲೆಯೇ ಸ್ಟೆಪ್ನಿಯ ವಿಚಾರ.

ಸ್ಟೆಪ್ನಿ ಎಂಬುದು ವೇಲ್ಸ್ ದೇಶದ ಲ್ಯಾನೆಲ್ಲಿ ಎಂಬ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿಯ ಡೇವಿಸ್ ಸಹೋದರರು ಹೆಚ್ಚಿನ ಚಕ್ರವನ್ನು ರೂಪಿಸಿದರು. ಆ ಬೀದಿಯ ಹೆಸರು ನಮ್ಮ ಡಿಕ್ಕಿಯ ತಳದಲ್ಲಿ ಬಂದು ಮಲಗಿದೆ. ಅದರ ಮೇಲೆ ಜೋಳದ ಚೀಲ. ಅದಕ್ಕೂ ಹವಾ ಬೇಕು. ಆದಕಾರಣ ಬೆಳಗಾವಿಯಲ್ಲಿ ಚೀಲ ಏರಿಸುವ ಮುನ್ನವೇ ಅದನ್ನು ಹೊರತೆಗೆದು ನೋಡಿಸುತ್ತೇವೆ.