ಸಭಾಮರ್ಯಾದೆ



ಆಸ್ಟ್ರೇಲಿಯಾದಲ್ಲಿ ಹತ್ತಾರು ವರ್ಷ ಬಾಳಿದ ಮೇಲೂ ಒಮ್ಮೆಯೂ ಚರ್ಚಿನೊಳಗೆ ಕಾಲಿಡದ ಕನ್ನಡ ಕುಟುಂಬ ಸಿಗುವುದು ಅಪರೂಪ. ಜೊತೆಯಲ್ಲಿ ಕೆಲಸ ಮಾಡುವವರ ಮಗಳ ಮದುವೆ, ಪಕ್ಕದ ಮನೆಯ ಅಜ್ಜಿಯ ಅಂತ್ಯಕ್ರಿಯೆ, ಮಗುವಿನ ದೀಕ್ಷಾಸ್ನಾನ, ಹೀಗೆ ಕರೆ ಬಂದೇ ಬರುತ್ತದೆ. ಬಂದಾಗ ಎಲ್ಲರ ಮನೆಯಲ್ಲೂ ಏಳುವ ಪ್ರಶ್ನೆಗಳು ಅವೇ. ಎಲ್ಲಿ ಕೂರಬೇಕು? ಯಾವಾಗ ಏಳಬೇಕು? ರೊಟ್ಟಿಯ ತುಣುಕು ಕೊಟ್ಟರೆ ತೆಗೆದುಕೊಳ್ಳಬಹುದೇ? ವೈದ್ಯವೃತ್ತಿಯ ದೆಸೆಯಿಂದ ಮೂರು ಊರು ಸುತ್ತಿದ ನಮಗೆ ಮೂರು ಬಗೆಯ ಆರಾಧನೆ ನೋಡುವ ಅವಕಾಶ ಒದಗಿತು. ಅದನ್ನು ನಿಮ್ಮೊಡನೆ ಹಂಚಿಕೊಳ್ಳುವುದಕ್ಕೆ ಈ ಬರಹ. ಕೊನೆಯಲ್ಲಿ ಸಂಘಕ್ಕೊಂದು ಸೂಚನೆಯೂ ಇದೆ.

ಹಾಗೆ ನೋಡಿದರೆ ಚರ್ಚು ನಮಗೆ ತೀರಾ ಹೊಸದಲ್ಲ. ನಮ್ಮಿಬ್ಬರಲ್ಲಿ ಒಬ್ಬರು ಧಾರವಾಡದ ಬಾಸೆಲ್ ಮಿಶನ್ ಶಾಲೆಯಲ್ಲಿ ಓದಿದವರು. ಇನ್ನೊಬ್ಬರು ಚರ್ಚನ್ನು ಇಗರ್ಜಿ ಎಂದು ಕರೆಯುವ ಮಂಗಳೂರಿನ ಕಡೆಯವರು. ಆದರೆ ಶಾಲೆಯ ಪ್ರಾರ್ಥನೆಗೆ ಸಾಲಾಗಿ ನಿಲ್ಲುವುದು ಬೇರೆ, ಗುರುತಿಲ್ಲದ ಪೂಜಾಕ್ರಮದ ನಡುವೆ ಅತಿಥಿಗಳಾಗಿ ಒಂದು ಗಂಟೆ ಕೂರುವುದು ಬೇರೆ.

ಮೊದಲನೆಯದು ಅಡಿಲೇಡಿನಲ್ಲಿ. 1998ರಲ್ಲಿ, ರೆಸಿಡೆನ್ಸಿಯ ದಿನಗಳಲ್ಲಿ, ನಮ್ಮ ವಾರ್ಡಿನ ಹಿರಿಯ ಸಿಸ್ಟರ್ ಒಬ್ಬರು ತೀರಿಕೊಂಡರು. ಅವರು ಕ್ವೇಕರ್ ಪಂಥದವರು. ಅಡಿಲೇಡಿಗೆ ಚರ್ಚುಗಳ ನಗರ ಎಂದೇ ಹೆಸರು. ದೊಡ್ಡ ಸೇಂಟ್ ಪೀಟರ್ಸ್ ಕ್ಯಾಥೆಡ್ರಲ್ಲಿನ ಹತ್ತಿರವೇ, ಪೆನಿಂಗ್ಟನ್ ಟೆರೇಸಿನಲ್ಲಿ, ಇವರದೊಂದು ಪುಟ್ಟ ಮರದ ಮನೆಯಿದೆ. ಇಂಗ್ಲೆಂಡಿನಲ್ಲಿ ತಯಾರಿಸಿ ಹಡಗಿನಲ್ಲಿ ತಂದ ಬಿಡಿಭಾಗಗಳನ್ನು ಜೋಡಿಸಿ 1840ರಲ್ಲಿ ನಿಲ್ಲಿಸಿದ್ದು. ಒಳಗೆ ಪಾದ್ರಿಯಿಲ್ಲ, ಹಾಡಿಲ್ಲ. ಎಲ್ಲರೂ ಬೆಂಚುಗಳ ಮೇಲೆ ಸುಮ್ಮನೆ ಕುಳಿತರು. ಹತ್ತು ನಿಮಿಷವಾದರೂ ಯಾರೂ ತುಟಿ ಬಿಚ್ಚಲಿಲ್ಲ. ಪುರೋಹಿತರು ಬರುವುದು ತಡವಾಯಿತೇನೋ ಎಂದು ನಾವು ಮುಖ ಮುಖ ನೋಡಿಕೊಂಡೆವು. ಆಮೇಲೆ ತಿಳಿಯಿತು, ಆ ಮೌನವೇ ಅವರ ಆರಾಧನೆ. ಒಳಗಿನಿಂದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಕೂರುತ್ತಾರೆ, ಮತ್ತೆ ಮೌನ. ವಾರ್ಡಿನ ನೆಲ ಒರೆಸುವ ಹೆಂಗಸೊಬ್ಬರು ಎದ್ದು, "ರಾತ್ರಿ ಪಾಳಿಯಲ್ಲಿ ನನಗೂ ಒಂದು ಕಪ್ ಟೀ ಮಾಡಿಕೊಡುತ್ತಿದ್ದರು" ಎಂದಷ್ಟೇ ಹೇಳಿ ಕುಳಿತರು. ಕೊನೆಗೆ ಹಿರಿಯರಿಬ್ಬರು ಕೈ ಕುಲುಕಿದರು, ಅಲ್ಲಿಗೆ ಮುಗಿಯಿತು. ಗಂಟೆ ಜಾಗಟೆಗಳ ನಡುವೆ ಬೆಳೆದ ನಮಗೆ ಆ ಒಂದು ಗಂಟೆ ಬಹಳ ದಿನ ಮನಸ್ಸಿನಲ್ಲಿ ಉಳಿಯಿತು.

ಎರಡನೆಯದು ಬ್ರಿಸ್ಬೇನ್, 2004. ಸಹೋದ್ಯೋಗಿಯ ಮಗುವಿಗೆ ಯುನೈಟಿಂಗ್ ಚರ್ಚಿನಲ್ಲಿ ದೀಕ್ಷಾಸ್ನಾನ. ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪಂಗಡಗಳು ಕೂಡಿ 1977ರಲ್ಲಿ ಈ ಚರ್ಚು ಆಯಿತು. ಇಂಥ ಕೂಡಿಕೆಯನ್ನು ನಮ್ಮ ಕಡೆಯ ಸಿ.ಎಸ್.ಐ.ನವರು ಮೂವತ್ತು ವರ್ಷ ಮೊದಲೇ, 1947ರಲ್ಲಿ, ಮಾಡಿ ತೋರಿಸಿದ್ದರು. ಬಾಗಿಲಲ್ಲೇ ನಮ್ಮ ಕೈಗೊಂದು ಹಾಳೆ ಕೊಟ್ಟರು. ಏಳುವುದೆಲ್ಲಿ, ಕೂರುವುದೆಲ್ಲಿ, ಎಲ್ಲರೂ ಒಟ್ಟಾಗಿ ಹೇಳುವ ಮಾತು ಯಾವುದು, ಎಲ್ಲ ಅಚ್ಚಾಗಿತ್ತು. ಮಗುವನ್ನು ಬೆಳೆಸುವುದರಲ್ಲಿ ತಾವೂ ಜೊತೆಗಿರುತ್ತೇವೆಂದು ನೆರೆದವರೆಲ್ಲ ಮಾತು ಕೊಟ್ಟರು. ಹಾಳೆ ಕೈಯಲ್ಲಿದ್ದುದರಿಂದ ನಮಗೆ ಎಲ್ಲೂ ತಡವರಿಸುವ ಪ್ರಸಂಗ ಬರಲಿಲ್ಲ.

ರೊಟ್ಟಿ ಮತ್ತು ದ್ರಾಕ್ಷಾರಸದ ವಿಷಯ ಇಲ್ಲೇ ಹೇಳಿಬಿಡುತ್ತೇವೆ. ರೋಮನ್ ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಚರ್ಚುಗಳಲ್ಲಿ ಅದು ಆಯಾ ಸಭೆಯವರಿಗೆ ಮೀಸಲು. ನಮ್ಮಲ್ಲಿ ಗರ್ಭಗುಡಿಯ ಹೊಸಿಲು ಹೇಗೋ ಹಾಗೆ. ಇತರರು ಕುಳಿತಲ್ಲೇ ಕುಳಿತಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೂರನೆಯದು ನಮ್ಮ ಪರ್ತ್. 2011ರಲ್ಲಿ ಬಹುಕಾಲದ ಪೇಷೆಂಟ್ ಒಬ್ಬರು, ಗ್ರೀಕ್ ಹಿರಿಯರು, ತೀರಿಕೊಂಡರು. ಅವರ ಪತ್ನಿ ತಾವೇ ಫೋನ್ ಮಾಡಿ, "ನಲವತ್ತನೆಯ ದಿನದ ಪ್ರಾರ್ಥನೆ, ಡಾಕ್ಟರೇ, ಇಬ್ಬರೂ ಬರಬೇಕು" ಎಂದರು. ನಾರ್ತ್‌ಬ್ರಿಜ್‌ನಲ್ಲಿ 1937ರಿಂದ ಇರುವ ಸಂತ ಕಾನ್‌ಸ್ಟಂಟೈನ್ ಮತ್ತು ಹೆಲೆನಾ ಚರ್ಚು. ಒಳಗೆ ಹೋಗುತ್ತಲೇ ಮೇಣದ ಬತ್ತಿ ಹಚ್ಚಿ ಮರಳಿನಲ್ಲಿ ನೆಟ್ಟರು. ಪಟಗಳಿಗೆ ಮುತ್ತಿಟ್ಟರು. ಧೂಪದ ಹೊಗೆ, ರಾಗವಾಗಿ ಗ್ರೀಕ್ ಪಠಣ. ಒಂದು ಪದ ತಿಳಿಯದಿದ್ದರೂ ಬೇಸರವಾಗಲಿಲ್ಲ. ಅರ್ಥವಾಗದ ಮಂತ್ರವನ್ನು ಭಕ್ತಿಯಿಂದ ಕೇಳುವ ಅಭ್ಯಾಸ ನಮಗಿಂತ ಯಾರಿಗಿದೆ!

ಭಾನುವಾರದ ಪೂಜೆಯ ಕೊನೆಗೆ ಸತ್ತವರ ಹೆಸರು ಹೇಳಿ ಪ್ರಾರ್ಥಿಸಿದರು. ಆಮೇಲೆ ಎಲ್ಲರಿಗೂ ಕೋಲಿವಾ ಎಂಬ ತಿನಿಸು ಹಂಚಿದರು. ಬೇಯಿಸಿದ ಇಡೀ ಗೋಧಿ, ಸಕ್ಕರೆ, ಬಾದಾಮಿ, ಒಣದ್ರಾಕ್ಷಿ, ದಾಳಿಂಬೆಯ ಕಾಳು. ಧಾರವಾಡದ ಗೋಧಿ ಹುಗ್ಗಿಯ ದೂರದ ಸಂಬಂಧಿ ಎನ್ನಬಹುದು. ಮಣ್ಣಿಗೆ ಬಿದ್ದ ಕಾಳು ಮತ್ತೆ ಮೊಳೆಯುತ್ತದೆ ಎಂಬುದು ಅದರ ಭಾವ. ಆ ತಾಯಿ ಚರ್ಚಿಗೆ "ಎಕ್ಲೀಸಿಯಾ" ಎಂದರು. ಆ ಗ್ರೀಕ್ ಶಬ್ದವೇ ಲ್ಯಾಟಿನ್, ಪೋರ್ಚುಗೀಸ್ ದಾಟಿ ನಮ್ಮ ಕರಾವಳಿಯಲ್ಲಿ ಇಗರ್ಜಿಯಾಗಿದೆ. ಅದರ ಮೂಲ ಅರ್ಥ ನೆರೆದ ಜನ. ಕನ್ನಡ ಕ್ರೈಸ್ತರು ಅದನ್ನು ಸಭೆ ಎಂದಿರುವುದು ಎಷ್ಟು ಸರಿ! ಸಿ.ಎಸ್.ಐ. ಎಂದರೆ ದಕ್ಷಿಣ ಭಾರತ ಸಭೆ. ಸಭೆ ಎಂದ ಮೇಲೆ ಅಲ್ಲಿ ನಾವು ಸಲ್ಲಿಸಬೇಕಾದದ್ದು ಸಭಾಮರ್ಯಾದೆ. ಜನರ ಸುಖದುಃಖಕ್ಕಾಗಿ ಹೋಗಿ ಕುಳಿತರೆ ನಮ್ಮ ದೇವರು ಮುನಿಯುವುದಿಲ್ಲ.

ಇದೆಲ್ಲ ನಮ್ಮ ಮನೆ ಬಾಗಿಲಿಗೇ ಬಂದದ್ದು 2019ರಲ್ಲಿ. ನಮ್ಮೊಡನೆ ಇದ್ದ ಅಮ್ಮ ಪರ್ತಿನಲ್ಲೇ ತೀರಿಕೊಂಡರು. ಆಸ್ಪತ್ರೆಯವರು, ನೆರೆಯವರು, ಇಪ್ಪತ್ತಕ್ಕೂ ಹೆಚ್ಚು ಮಂದಿ ಕಪ್ಪು ಬಟ್ಟೆ ತೊಟ್ಟು ಬಂದರು. ಬೂಟು ಬಿಡಬೇಕೇ, ಹೂ ಹಾಕಬಹುದೇ, ಮಾತಾಡಿಸಬಹುದೇ, ಅವರಿಗೆ ತಿಳಿಯದು. ಹೇಳುವ ಸ್ಥಿತಿಯಲ್ಲಿ ನಾವಿರಲಿಲ್ಲ. ಪಾಪ, ಅಷ್ಟು ಪ್ರೀತಿಯಿಂದ ಬಂದವರು ಗೋಡೆಗೆ ಒರಗಿ ನಿಂತೇ ಇದ್ದರು. ಆ ಗ್ರೀಕ್ ತಾಯಿ ಮಾತ್ರ ನೇರ ಒಳಗೆ ಬಂದು ಚಾಪೆಯ ಮೇಲೆ ಪಕ್ಕದಲ್ಲಿ ಕುಳಿತರು. ಬಹಳ ಹೊತ್ತಿನ ಮೇಲೆ ಕೇಳಿದ್ದು ಒಂದೇ ಮಾತು: "ನಿಮ್ಮಲ್ಲಿ ಎಷ್ಟನೆಯ ದಿನ?" ಹದಿಮೂರನೆಯ ದಿನ ಎಂದೆವು. ಆ ದಿನ ಒಂದು ಡಬ್ಬಿ ಹಣ್ಣು ಹಿಡಿದು ಬಂದರು.

ಈಗ ಸೂಚನೆ. ನಮ್ಮ ನಾಮಕರಣ, ಸತ್ಯನಾರಾಯಣ ಪೂಜೆ, ಮದುವೆ, ಅಂತ್ಯಕ್ರಿಯೆ ಇವುಗಳಿಗೆ ಬರುವ ಅತಿಥಿಗಳಿಗಾಗಿ ಸಂಘದಿಂದ ಇಂಗ್ಲಿಷಿನಲ್ಲಿ ಒಂದೊಂದು ಪುಟದ ಹಾಳೆ ಸಿದ್ಧಪಡಿಸಬಾರದೇಕೆ? ಚಪ್ಪಲಿ ಎಲ್ಲಿ ಬಿಡಬೇಕು, ಅಕ್ಷತೆ ಯಾವಾಗ, ಮಂಗಳಾರತಿ ಎಂದರೇನು, ಕುಂಕುಮ ಪ್ರಸಾದ ಬೇಡವೆನಿಸಿದರೆ ಕೈಮುಗಿದರೆ ಸಾಕು, ಸಾವಿನ ಮನೆಯಲ್ಲಿ ಯಾವ ಯಾವ ದಿನ ಬರಬಹುದು, ಇಷ್ಟು ಸಾಕು. ಬೇರೆ ಬೇರೆ ಮನೆತನಗಳ ಪದ್ಧತಿ ಬೇರೆಯಾದ್ದರಿಂದ ಪ್ರತಿಯೊಬ್ಬರೂ ತಮ್ಮದನ್ನು ತಿದ್ದಿಕೊಳ್ಳಲು ಜಾಗ ಬಿಟ್ಟಿರಲಿ. ಮೊದಲ ಕರಡನ್ನು ನಾವು ಬರೆದುಕೊಡುತ್ತೇವೆ, ಹಿರಿಯರು ತಿದ್ದಿಕೊಡಬೇಕು. ಅತಿಥಿಗಳಿಗಿಂತ ಮೊದಲು ಅದನ್ನು ಎತ್ತಿಕೊಂಡು ಓದುವವರು ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳೇ ಇರಬಹುದು. ನಾಳೆ ನಮ್ಮ ಕಾರ್ಯಗಳನ್ನು ಮಾಡಬೇಕಾದವರೂ ಅವರೇ ತಾನೇ?