ಜೀರಿಗೆಯ ಲೆಕ್ಕ

ಬಾಗಲಕೋಟೆ ಸಂತೆಯಲ್ಲಿ ಸಬ್ಬಸಗಿ ಪಲ್ಲೆಯ ಸಿವುಡು ಕಂಡಾಗಲೆಲ್ಲ ನನಗೆ ಮತ್ತಾಯನ ಸುವಾರ್ತೆಯ 23ನೇ ಅಧ್ಯಾಯ ನೆನಪಾಗುತ್ತದೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತನೇ ಪಾಲು ತಪ್ಪದೆ ಕೊಟ್ಟು ಕರುಣೆಯನ್ನು ಮರೆತವರನ್ನು ಯೇಸು ಅಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾನೆ. ಅವರು ಎರಡು ಸಾವಿರ ವರ್ಷದ ಹಿಂದಿನ ಯಾರೋ ಎಂದು ನಾನು ಬಹಳ ದಿನ ನಿಶ್ಚಿಂತೆಯಿಂದಿದ್ದೆ.

ನಮ್ಮ ಅಜ್ಜಿ ಗುಳೇದಗುಡ್ಡದವಳು, ಖಣದ ಮಗ್ಗದ ಸಪ್ಪಳದಲ್ಲೇ ಬೆಳೆದವಳು. ಆ ಊರಲ್ಲಿ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದು 1851ರಲ್ಲಿ. ಶಿಸ್ತಿನ ಜನ. ನಿಯಮ ಮುರಿದವರನ್ನು ಕರ್ತನ ಭೋಜನದಿಂದ ದೂರ ಇಡುತ್ತಿದ್ದರು. 1876–78ರ ಬರದಲ್ಲಿ ಹಸಿದ ಮಕ್ಕಳನ್ನು ಒಳಗೆ ಕರೆದು ಸಾಕಿದವರೂ ಅವರೇ. ನಮ್ಮ ಮನೆಗೆ ಇಳಿದು ಬಂದದ್ದು ಮೊದಲನೆಯದೇ ಜಾಸ್ತಿ. ಐತವಾರ ಮಗ್ಗ ಮುಟ್ಟುವಂತಿರಲಿಲ್ಲ, ಸೂಜಿ ಹಿಡಿಯುವಂತಿರಲಿಲ್ಲ.

ಅಜ್ಜಿ ಮಾತ್ರ ಒಂದು ಐತವಾರ ಆರಾಧನೆ ಬಿಟ್ಟು ನೆರೆಮನೆಯ ಬಾಣಂತಿಯ ಹತ್ತಿರ ಕೂತಳು. ಕೇಳಲು ಬಂದ ಹಿರಿಯರಿಗೆ ಚಹಾ ಕೊಟ್ಟು, ‘ಎತ್ತು ಬಾವ್ಯಾಗ ಬಿದ್ರ ಸಬ್ಬತ್ತ ಅಂತ ಬಿಡ್ತೀರೇನು ಅಂತ ಸ್ವಾಮಿನ ಕೇಳ್ಯಾನಲ್ರೀ. ಇದು ಹೆಣ್ಮಗಳ ಜೀವರೀ’ ಅಂದಳು. ಅವಳಿಗೆ ಓದು ಬರುತ್ತಿರಲಿಲ್ಲ. ಓದು ಬರುತ್ತಿದ್ದುದು ನನಗೆ.

ಅಕ್ಷರ ಚಂದ ಎಂದು ನಮ್ಮ ಸಭೆಯ ವಂತಿಗೆ ಪುಸ್ತಕ ನನ್ನ ಕೈಗೆ ಬಂದಿತ್ತು. ಇಳಕಲ್ಲಿನ ಹತ್ತಿರದ ಊರು, ಹೆಸರು ಬೇಡ. ಕೂಲಿಗೆ ಸೀರೆ ನೇಯುತ್ತಿದ್ದ ಒಬ್ಬ ವಿಧವೆಯ ಹನ್ನೊಂದು ತಿಂಗಳ ವಂತಿಗೆ ಬಾಕಿ. ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಸಭೆ ಕೂಡಿದಾಗ ಬಾಕಿದಾರರ ಹೆಸರನ್ನು ಗಟ್ಟಿಯಾಗಿ ಓದಿದೆ. ಓದು ಎಂದು ಯಾರೂ ಹೇಳಿರಲಿಲ್ಲ. ನಿಯಮದಲ್ಲಿತ್ತು, ಓದಿದೆ. ಆ ಕ್ಷಣ ಒಳಗೊಳಗೇ ಒಂದು ಸುಖ ಇತ್ತು; ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಜ್ಜಿ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಮರುದಿನ ಸಂಜೆ ನನ್ನನ್ನು ಆ ಹೆಣ್ಣುಮಗಳ ಮನೆಗೆ ಕರೆದುಕೊಂಡು ಹೋದಳು. ಆಕೆ ಕೊಂಡಿ ಹಾಕುತ್ತಿದ್ದಳು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಕಣ್ಣು ಸೋಲುವ ಕೆಲಸ, ಕೂಲಿ ಅಷ್ಟಕ್ಕಷ್ಟೆ. ‘ಕೂಡ್ರಿ ಮಾಸ್ತರ’ ಎಂದು ನನಗೆ ಚಾಪೆ ಹಾಸಿದಳು. ಮನೆಯಲ್ಲಿದ್ದ ಸಕ್ಕರೆಯನ್ನೆಲ್ಲ ಸುರಿದಿರಬೇಕು, ಚಹಾ ಪಾಯಸದಂತಿತ್ತು. ಖಣದ ಮಗ್ಗದಲ್ಲಿ ಕೊಂಡಿಯ ಗೊಡವೆ ಇಲ್ಲ. ಅಜ್ಜಿಗೆ ಅದು ಹೊಸ ಕೆಲಸ. ಆದರೂ ಎದುರಿಗೆ ಕೂತು, ಆಕೆ ತೋರಿಸಿದಂತೆ ಎಳೆ ಕೊಡತೊಡಗಿದಳು. ಪುಸ್ತಕದ ಮಾತು ಯಾರೂ ತೆಗೆಯಲಿಲ್ಲ. ಕ್ಷಮಿಸಿ ಎನ್ನಲು ನನ್ನ ಬಾಯಿ ಏಳಲಿಲ್ಲ.

ಆ ವಾರ ಹನ್ನೊಂದು ತಿಂಗಳ ವಂತಿಗೆಯನ್ನು ನನ್ನ ಕಿಸೆಯಿಂದ ತುಂಬಿ ಲೆಕ್ಕ ಸರಿಮಾಡಿದೆ. ಅಜ್ಜಿಗೆ ಹೆಮ್ಮೆಯಿಂದ ಹೇಳಿದೆ. ‘ಪುಸ್ತಕದಾಗ ಬರದಿ. ಹೆಸರು ಓದೀದೆಲ್ಲಾ ಮಂದ್ಯಾಗ, ಅದನ್ನ ಹೆಂಗ ಅಳಸ್ತಿ?’ ಎಂದು ಕೇಳಿದಳು.

ವರ್ಷದ ಕೊನೆಗೆ ಪುಸ್ತಕವನ್ನು ಬೇರೆಯವರಿಗೆ ಒಪ್ಪಿಸಿದೆ. ಅವರ ಅಕ್ಷರ ನನ್ನಷ್ಟು ಚಂದ ಇರಲಿಲ್ಲ. ಹೆಸರು ಓದುವುದನ್ನು ಅವರು ಮರೆತೇಬಿಟ್ಟರು.