ಜಪಾನಿನ ಸನ್‌ಸ್ಕ್ರೀನ್, ಅವ್ವನ ತುಂಬುತೋಳಿನ ಅಂಗಿ

ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಅಂದರೆ ನಮ್ಮ ಕಡೆ ಎರಡು ಮಾತು ಬರುತ್ತವೆ. ಒಂದು, ಅದು ಹೆಂಗಸರಿಗೆ. ಇನ್ನೊಂದು, ಅದು ಬೆಳ್ಳಗಾಗೋಕೆ. ಜಪಾನಿನಲ್ಲಿ 16 ದಿನ ಇದ್ದು ಬಂದ ಮೇಲೆ ಈ ಎರಡೂ ಮಾತು ಸರಿಯಲ್ಲ ಅನ್ನಿಸಿದೆ. ಯಾಕೆ ಅಂತ ಹೇಳುತ್ತೇನೆ.

ನಾನು ಚಳ್ಳಕೆರೆ ಕಡೆಯವನು. ದಿನಕ್ಕೆ 60–70 ಕಿಲೋಮೀಟರ್ ಬೈಕಿನಲ್ಲಿ ಸುತ್ತಿ ಸುದ್ದಿ ಮಾಡುವುದು ಕೆಲಸ. ಹೆಲ್ಮೆಟ್ಟಿನೊಳಗೆ ಬೆವರು, ತಲೆ ತುಂಬ ಹೊಟ್ಟು, ಮೊಣಕೈಯಿಂದ ಕೆಳಗೆ ಒಂದು ಬಣ್ಣ, ಮೇಲೆ ಇನ್ನೊಂದು ಬಣ್ಣ. ನಮ್ಮ ಭಾವ ಕೆಲಸದ ಮೇಲೆ ನಗೋಯಾ ನಗರದಲ್ಲಿದ್ದಾರೆ. ಅಕ್ಕ ಎರಡು ವರ್ಷದಿಂದ ಕರೆಯುತ್ತಿದ್ದಳು. ಕಳೆದ ವರ್ಷ ಜುಲೈ ಕೊನೆಯಲ್ಲಿ ಹೋದೆ.

ಜಪಾನ್ ಅಂದರೆ ತಂಪು ದೇಶ ಅಂದುಕೊಂಡವರೇ ಹೆಚ್ಚು. ಬೇಸಿಗೆಯಲ್ಲಿ ಅಲ್ಲಿ ನಮ್ಮ ಮಂಗಳೂರಿನ ಹಾಗೆ ಬೆವರು ಹರಿಯುತ್ತದೆ. ಉಷ್ಣಾಂಶ 35 ಡಿಗ್ರಿ ಮುಟ್ಟಿದ ದಿನಕ್ಕೆ ಅವರಲ್ಲಿ ಒಂದು ಹೆಸರೇ ಇದೆ, 'ಮೋಶೊಬಿ'. ಅಲ್ಲಿನ ಹವಾಮಾನ ಇಲಾಖೆ 2007ರಿಂದ ಈ ಪದ ಬಳಸುತ್ತಿದೆ. ರಸ್ತೆಯಲ್ಲಿ ಹೆಂಗಸರು ಬಿಸಿಲಿಗೆ ಕೊಡೆ ಹಿಡಿದಿರುತ್ತಾರೆ. ಆಫೀಸಿಗೆ ಹೋಗುವ ಗಂಡಸರ ಕೈಯಲ್ಲೂ ಕೊಡೆ ಕಂಡೆ. 2019ರಲ್ಲಿ ಅಲ್ಲಿನ ಪರಿಸರ ಸಚಿವಾಲಯವೇ ಗಂಡಸರೂ ಬಿಸಿಲಿಗೆ ಕೊಡೆ ಹಿಡಿಯಿರಿ ಎಂದು ಪ್ರಚಾರ ಮಾಡಿತ್ತು.

ಅಕ್ಕ ಎರಡನೇ ದಿನವೇ ಔಷಧಿ ಅಂಗಡಿಗೆ ಕರೆದುಕೊಂಡು ಹೋದಳು. ಹೆಸರಿಗೆ ಔಷಧಿ ಅಂಗಡಿ. ಒಳಗೆ ಬಿಸ್ಕತ್ತಿನಿಂದ ಸೋಪಿನವರೆಗೆ ಎಲ್ಲ ಇದೆ. ಒಂದು ಸಾಲು ಪೂರ್ತಿ 'ಹಿಯಾಕೆದೊಮೆ', ಅಂದರೆ ಬಿಸಿಲಿಗೆ ಚರ್ಮ ಸುಡುವುದನ್ನು ತಡೆಯುವಂಥದ್ದು. ಕೆಲವು ಬಾಟಲಿಗಳ ಮುಂದೆ ಹಚ್ಚಿ ನೋಡಲು ಒಂದೊಂದು ತೆರೆದ ಬಾಟಲಿ ಇಟ್ಟಿರುತ್ತಾರೆ. ಯಾರೂ ಬೇಡ ಅನ್ನುವುದಿಲ್ಲ. ಬರಹ ಓದಲು ಬಾರದಿದ್ದರೆ ಫೋನಿನ ಕ್ಯಾಮೆರಾ ಹಿಡಿದರೆ ಸಾಕು, ಇಂಗ್ಲಿಷಿಗೆ ತಿರುಗಿಸಿ ಹೇಳುತ್ತದೆ.

ಬಾಟಲಿಯ ಮೇಲೆ ಮುಖ್ಯವಾಗಿ ಎರಡು ಗುರುತು ನೋಡಬೇಕು. ಒಂದು ಎಸ್‌ಪಿಎಫ್. ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ ಬಿ ಎಂಬುದು ಚರ್ಮವನ್ನು ಕೆಂಪಗೆ ಸುಡುತ್ತದೆ. ಅದನ್ನು ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಎಸ್‌ಪಿಎಫ್. ಸರಿಯಾಗಿ ಹಚ್ಚಿದರೆ 30 ಇರುವುದು ಸುಮಾರು ನೂರಕ್ಕೆ 97 ಪಾಲು ತಡೆಯುತ್ತದೆ, 50 ಇರುವುದು 98 ಪಾಲು. ಎರಡಕ್ಕೂ ವ್ಯತ್ಯಾಸ ಅಷ್ಟೇ. ಇನ್ನೊಂದು ಗುರುತು ಪಿಎ, ಅದರ ಮುಂದೆ ಪ್ಲಸ್ ಚಿಹ್ನೆಗಳು. ಇದು ಎ ಕಿರಣದ ಲೆಕ್ಕ. ಎ ಕಿರಣ ಚರ್ಮದ ಆಳಕ್ಕೆ ಇಳಿಯುತ್ತದೆ, ಕಪ್ಪು ಕಲೆ ಮತ್ತು ಸುಕ್ಕು ತರುತ್ತದೆ. ಬಸ್ಸಿನ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಈ ಪಿಎ ಲೆಕ್ಕ ಹುಟ್ಟಿದ್ದೇ ಜಪಾನಿನಲ್ಲಿ, 1996ರಲ್ಲಿ. ಮೊದಲು ಮೂರು ಪ್ಲಸ್‌ವರೆಗೆ ಇತ್ತು, 2013ರಲ್ಲಿ ನಾಲ್ಕನೆಯದು ಸೇರಿತು. ಈಗ ನಮ್ಮ ಮೆಡಿಕಲ್ ಸ್ಟೋರಿನ ಟ್ಯೂಬುಗಳ ಮೇಲೂ ಇದನ್ನು ನೋಡಬಹುದು.

ಹದಿನಾರು ದಿನದಲ್ಲಿ ಐದು ಬಗೆ ಹಚ್ಚಿ ನೋಡಿದೆ. ಬಯೋರೆ ಆಕ್ವಾ ರಿಚ್ ನೀರಿನ ಹಾಗೆ ಹರಡುತ್ತದೆ, ಹಚ್ಚಿದ್ದೇ ಗೊತ್ತಾಗುವುದಿಲ್ಲ. ಸ್ಕಿನ್ ಆಕ್ವಾ ಕೂಡ ಹಗುರ. ಇವೆರಡೂ ಸುಮಾರು 800 ಯೆನ್, ನಮ್ಮ ದುಡ್ಡಿನಲ್ಲಿ 450–500 ರೂಪಾಯಿ. ಅನೆಸ್ಸಾ ಹಾಲಿನಂತಿರುತ್ತದೆ, ಚೆನ್ನಾಗಿ ಅಲ್ಲಾಡಿಸಿ ಹಚ್ಚಬೇಕು, ಬೆವರಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಬೆಲೆ ಮಾತ್ರ 3,000 ಯೆನ್ ಹತ್ತಿರ. ನಾಲ್ಕನೆಯದು, ಹೆಸರು ಬೇಡ, ಬೆವರಿನ ಜೊತೆ ಕಣ್ಣಿಗೆ ಇಳಿದು ಉರಿಸಿತು. ಅಂಥ ಕಣ್ಣಿನವರು ಆಲ್ಕೋಹಾಲ್ ಇಲ್ಲದ್ದನ್ನು ಹುಡುಕುವುದು ಒಳ್ಳೆಯದು. ಐದನೆಯದು ತಿಳಿ ನೇರಳೆ ಬಣ್ಣದ್ದು, ಅಲ್ಲಿನವರ ಮುಖಕ್ಕೆ ಹೊಳಪು ಕೊಡಲು ಮಾಡಿದ್ದು. ನನ್ನ ಮುಖಕ್ಕೆ ಹಚ್ಚಿದರೆ ವಿಭೂತಿ ಬಳಿದ ಹಾಗಾಯಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಈ ನಡುವೆ ಊರಿನಿಂದ ಚಿಕ್ಕಪ್ಪನ ಮಗಳ ವಾಟ್ಸಾಪ್ ಬಂತು. "ಅಣ್ಣ, ಜಪಾನಿನವರು ಅಷ್ಟು ಬೆಳ್ಳಗಿರ್ತಾರಲ್ಲ, ಅವರು ಹಚ್ಚೋ ಕ್ರೀಮು ತಗೊಂಬಾ. ಮುಂದಿನ ತಿಂಗಳು ನೋಡೋಕೆ ಬರ್ತಾರೆ." ಅವಳು ಆಗಲೇ ಒಂದು ಅಂಗಡಿಯಿಂದ ತಂದ, ಚೀಟಿಯೇ ಇಲ್ಲದ ಡಬ್ಬಿಯ ಕ್ರೀಮನ್ನು ನಾಲ್ಕು ತಿಂಗಳಿಂದ ಹಚ್ಚುತ್ತಿದ್ದಳು. ಹಚ್ಚಿದರೆ ಬೆಳ್ಳಗೆ, ಬಿಟ್ಟರೆ ಕೆಂಪಗೆ ಉರಿ.

ಅಕ್ಕ ಆಗ ಹೇಳಿದ ವಿಷಯವನ್ನು ಆಮೇಲೆ ನಾನೂ ಹುಡುಕಿ ಓದಿದೆ. ಚರ್ಮ ಬೆಳಗಿಸುವುದಕ್ಕೆ ಜಪಾನಿನಲ್ಲಿ 'ಬಿಹಾಕು' ಎನ್ನುತ್ತಾರೆ, ಅಂದರೆ ಚೆಲುವಾದ ಬಿಳುಪು. 2013ರ ಜುಲೈನಲ್ಲಿ ಕಾನೆಬೊ ಎಂಬ ದೊಡ್ಡ ಕಂಪನಿ ತನ್ನ 54 ಬಗೆಯ ಇಂಥ ಉತ್ಪನ್ನಗಳನ್ನು ಅಂಗಡಿಗಳಿಂದ ವಾಪಸ್ ಪಡೆಯಿತು. ಅದರಲ್ಲಿದ್ದ ರೊಡೋಡೆನಾಲ್ ಎಂಬ ರಾಸಾಯನಿಕದಿಂದ ಹಚ್ಚಿಕೊಂಡವರ ಮುಖ, ಕುತ್ತಿಗೆ, ಕೈ ಮೇಲೆ ತೊನ್ನಿನಂತೆ ಬಿಳಿ ಮಚ್ಚೆ ಎದ್ದಿದ್ದವು. ತೊಂದರೆಗೆ ಒಳಗಾದವರು 19,000ಕ್ಕೂ ಹೆಚ್ಚು ಜನ. ಅಷ್ಟು ಪರೀಕ್ಷೆ, ಅಷ್ಟು ಕಟ್ಟುನಿಟ್ಟು ಇರುವ ದೇಶದಲ್ಲೇ ಹೀಗಾಯಿತು. ಕಾವೋ ಕಂಪನಿ 2021ರಲ್ಲಿ 'ಬಿಹಾಕು' ಪದವನ್ನೇ ಕೈಬಿಡುವುದಾಗಿ ಹೇಳಿತು. ನಮ್ಮಲ್ಲೂ 2020ರಲ್ಲಿ ಫೇರ್ ಅಂಡ್ ಲವ್ಲಿ ಹೆಸರು ಗ್ಲೋ ಅಂಡ್ ಲವ್ಲಿ ಆಯಿತಲ್ಲ. ಹೆಸರು ಬದಲಾದರೂ ಹೆಣ್ಣು ನೋಡಲು ಬರುವವರ ಕಣ್ಣು ಬದಲಾಗಿಲ್ಲ.

ತಂಗಿಗೆ ಬಿಳಿಯಾಗುವ ಕ್ರೀಮು ತರಲಿಲ್ಲ. ಬದಲಿಗೆ ಬಂದ ಮೇಲೆ ಜಿಲ್ಲಾಸ್ಪತ್ರೆಯ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಬ್ಬಿಯಲ್ಲಿದ್ದದ್ದು ಸ್ಟೀರಾಯ್ಡ್ ಇರಬಹುದು ಅಂದರು. ಅದನ್ನು ದಿನಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಮುಖದ ಮೇಲೆ ಕೂದಲು, ಮೊಡವೆ ಬರುತ್ತವೆ. ಬಿಡುವುದನ್ನೂ ಡಾಕ್ಟರು ಹೇಳಿದ ಹಾಗೆ ಬಿಡಬೇಕು. ಅವಳ ಚಿಕಿತ್ಸೆ ಇನ್ನೂ ನಡೆದಿದೆ.

ಈಗ ತಲೆಯ ವಿಷಯ. ಅಲ್ಲಿ 'ಸೆಂತೊ' ಅಂತ ಊರವರೆಲ್ಲ ಸ್ನಾನ ಮಾಡುವ ಮನೆಗಳಿವೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಬಿಸಿನೀರಿನ ತೊಟ್ಟಿಗೆ ಇಳಿಯುವ ಮೊದಲು ಪುಟ್ಟ ಮಣೆ ಮೇಲೆ ಕುಳಿತು ಮೈ, ತಲೆ ಪೂರ್ತಿ ತೊಳೆದುಕೊಳ್ಳಬೇಕು. ಪಕ್ಕದಲ್ಲಿ ಕುಳಿತ ಒಬ್ಬ ತಾತನನ್ನು ನೋಡಿದೆ. ಮೊದಲು ಬರೀ ನೀರಿನಲ್ಲಿ ಬಹಳ ಹೊತ್ತು ನೆನೆಸಿದರು. ಶಾಂಪೂವನ್ನು ಅಂಗೈಯಲ್ಲಿ ನೊರೆ ಮಾಡಿಕೊಂಡರು. ಉಗುರು ತಾಗಿಸದೆ, ಬೆರಳ ತುದಿಯಿಂದ ಕೂದಲ ಬುಡವನ್ನು ನಿಧಾನಕ್ಕೆ ಒತ್ತಿದರು. ಹಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ತೊಳೆದರು. ನಾವು ತೊಳೆಯುವುದು ಕೂದಲು, ಅವರು ತೊಳೆಯುವುದು ಕೂದಲ ಬುಡದ ಚರ್ಮ. ಅದಕ್ಕೇ ನೂರು ಯೆನ್ ಅಂಗಡಿಯಲ್ಲಿ ಮೆತ್ತನೆ ಹಲ್ಲಿನ ಸಿಲಿಕಾನ್ ಬ್ರಷ್ ಕೂಡ ಸಿಗುತ್ತದೆ.

ತಮಾಷೆ ಏನೆಂದರೆ, ಶಾಂಪೂ ಅನ್ನುವ ಪದವೇ ನಮ್ಮ ದೇಶದ್ದು. ಒತ್ತು, ನೀವು ಎಂಬ ಅರ್ಥದ ಹಿಂದಿ ಪದದಿಂದ ಬಂದದ್ದು. ನಮ್ಮ ಅಜ್ಜಿ ಹರಳೆಣ್ಣೆ ಹಾಕಿ ನೆತ್ತಿ ತಟ್ಟುತ್ತಿದ್ದುದು ಅದೇ. ಜಪಾನಿನಲ್ಲೂ ಎಣ್ಣೆ ಇದೆ, 'ತ್ಸುಬಾಕಿ' ಎಂಬ ಹೂಗಿಡದ ಬೀಜದ್ದು. ಇಜು ಓಶಿಮಾ, ಗೊತೊ ದ್ವೀಪಗಳು ಅದಕ್ಕೆ ಹೆಸರುವಾಸಿ. ಆದರೆ ಅಕ್ಕನ ನೆರೆಯವರು ಹಚ್ಚುವುದು ಎರಡು ಮೂರು ಹನಿ, ನಮ್ಮ ಹಾಗೆ ಸುರಿಯುವುದಿಲ್ಲ.

ಹೊಟ್ಟು ಇರುವವರಿಗೆ ಇದು ಮುಖ್ಯ. ಹೊಟ್ಟಿಗೆ ಕಾರಣ ಎಲ್ಲರ ತಲೆಯಲ್ಲೂ ಇರುವ ಒಂದು ಬಗೆಯ ಶಿಲೀಂಧ್ರ. ಅದಕ್ಕೆ ಜಿಡ್ಡೇ ಆಹಾರ. ತಲೆ ಒಣಗಿದೆ ಅಂತ ಎಣ್ಣೆ ಹಚ್ಚಿ ರಾತ್ರಿಯಿಡೀ ಬಿಟ್ಟರೆ ಅದು ಇನ್ನೂ ಹೆಚ್ಚಬಹುದು. ನಾನು ಅಲ್ಲಿಂದ ತಂದ ಔಷಧೀಯ ಶಾಂಪೂ ಒಂದೂವರೆ ತಿಂಗಳಿಗೆ ಮುಗಿಯಿತು. ಅದೂ ಅಲ್ಲಿ ಬಂದಷ್ಟು ನೊರೆ ಇಲ್ಲಿ ಬರಲಿಲ್ಲ, ಅವರ ನೀರು ಮೆದು, ನಮ್ಮ ಕೊಳವೆಬಾವಿ ನೀರು ಗಡಸು. ಈಗ ನಮ್ಮ ಮೆಡಿಕಲ್ ಸ್ಟೋರಿನ ಕೀಟೊಕೊನಜೋಲ್ ಶಾಂಪೂವನ್ನೇ ಡಾಕ್ಟರು ಹೇಳಿದಂತೆ ವಾರಕ್ಕೆ ಎರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು, ತಾತನ ಹಾಗೆ ತೊಳೆಯುತ್ತೇನೆ. ಹೆಲ್ಮೆಟ್ ಒಳಗೆ ಒಂದು ಹತ್ತಿ ಬಟ್ಟೆ ಕಟ್ಟುತ್ತೇನೆ, ದಿನಾ ಒಗೆಯುತ್ತೇನೆ. ಹೊಟ್ಟು ಪೂರ್ತಿ ಹೋಗಿಲ್ಲ, ಅಂಗಿ ಹೆಗಲ ಮೇಲೆ ಉದುರುವುದು ನಿಂತಿದೆ.

ಅವ್ವನಿಗೆ ಒಂದು ಸನ್‌ಸ್ಕ್ರೀನ್ ತಂದಿದ್ದೆ. ಅವಳ ಎರಡೂ ಕೆನ್ನೆ ಮೇಲೆ ಬಂಗು ಇದೆ. ಬಂಗಿಗೆ ಬಿಸಿಲು ಒಂದೇ ಕಾರಣವಲ್ಲ, ಬಸುರಿ ಆದಾಗಿನ ಬದಲಾವಣೆಯಿಂದಲೂ ಬರುತ್ತದೆ, ಆದರೆ ಬಿಸಿಲು ಅದನ್ನು ಹೆಚ್ಚಿಸುತ್ತದೆ. ಶೇಂಗಾ ಹೊಲದಲ್ಲಿ ಕಳೆ ನಡೆದಿತ್ತು. ಅವ್ವ ಬಾಟಲಿ ತಿರುಗಿಸಿ ನೋಡಿ ಕೇಳಿದಳು, "ಇದು ಎಷ್ಟು ದಿನ ಬರ್ತದೆ?"

ಲೆಕ್ಕ ಹಾಕಿದೆ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಹಚ್ಚಬೇಕು, ಅಂದರೆ ಒಂದು ಗ್ರಾಮಿಗಿಂತ ಸ್ವಲ್ಪ ಹೆಚ್ಚು. ದಿನಕ್ಕೆ ಎರಡೇ ಸಲ ಅಂದರೂ 50 ಗ್ರಾಂ ಟ್ಯೂಬು ಇಪ್ಪತ್ತು ದಿನ. ಬೆವರು ಸುರಿಯುವವರು ಎರಡು ಗಂಟೆಗೊಮ್ಮೆ ಹಚ್ಚಬೇಕು, ಆಗ ಇನ್ನೂ ಬೇಗ ಖಾಲಿ.

"ಹಂಗಾದ್ರೆ ಇದು ನಿಂಗೆ ಇರಲಿ. ನಂಗೆ ನಿಮ್ಮಪ್ಪನ ಅಂಗಿ ಇದೆ" ಅಂದಳು.

ಅವಳು ಹೇಳಿದ್ದು ಸರಿಯೇ. ಸೀರೆ ಮೇಲೆ ಗಂಡನ ಹಳೇ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲು ಸುತ್ತಿ ಹೊಲಕ್ಕೆ ಹೋಗುವ ನಮ್ಮ ಹೆಂಗಸರು ದುಡ್ಡಿಲ್ಲದೆ ಮಾಡಿಕೊಂಡ ಸನ್‌ಸ್ಕ್ರೀನ್ ಅದು. ಜಪಾನಿನ ಗದ್ದೆಗಳಲ್ಲಿ ಕೆಲಸ ಮಾಡುವ ಅಜ್ಜಿಯರೂ ಅಷ್ಟೇ, ತೋಳಿಗೆ ಬಟ್ಟೆಯ ಗವಸು, ತಲೆಗೆ ಅಗಲ ಅಂಚಿನ ಟೋಪಿ. ಟೋಪಿಯ ಹಿಂದೆ ಕುತ್ತಿಗೆ ಮುಚ್ಚುವಷ್ಟು ಬಟ್ಟೆ ಹೊಲಿದಿರುತ್ತಾರೆ. ನಮ್ಮ ಟವೆಲಿನಲ್ಲಿ ಇಲ್ಲದ್ದು ಆ ಅಂಚಿನ ನೆರಳು. ಬಂಗು ಏಳುವ ಕೆನ್ನೆಗೆ ಬೇಕಾದದ್ದೇ ಅದು.

ಅಂಥದ್ದೊಂದು ಟೋಪಿಯನ್ನೂ ತಂದಿದ್ದೆ. ಮೊದಲ ದಿನ ಅವ್ವ ನಾಚಿಕೆಪಟ್ಟಳು, ಮೂರನೇ ದಿನ ಕೂಲಿಗೆ ಬಂದವರು ಅದನ್ನು ಒಬ್ಬರ ತಲೆಯಿಂದ ಒಬ್ಬರು ಕಿತ್ತು ಹಾಕಿಕೊಂಡು ನೋಡಿದರು. ಈಗ ನಮ್ಮೂರ ಟೈಲರ್ ಅದನ್ನು ಅಳತೆಗೆ ಇಟ್ಟುಕೊಂಡು, ಹಳೇ ಪಂಚೆ ಬಟ್ಟೆಯಲ್ಲಿ ಆರು ಟೋಪಿ ಹೊಲಿದಿದ್ದಾರೆ. ಒಂದಕ್ಕೆ 80 ರೂಪಾಯಿ. ಬಟ್ಟೆ ನೀವೇ ಕೊಟ್ಟರೆ 50.